ಚಿಕ್ಕ ಕಾಲೇಜಿನಲ್ಲಿ ಅಲೈಡ್ ಹೆಲ್ತ್ ಡಿಗ್ರಿ: ಅಡ್ವಾನ್ಸ್ ಕಟ್ಟುವ ಮೊದಲು ಏನೇನು ನೋಡಬೇಕು

ಸೆಕೆಂಡ್ ಪಿಯುಸಿ ರಿಸಲ್ಟ್ ಬಂದು ಮೂರು ದಿನವೂ ಆಗಿರಲಿಲ್ಲ. ಅಕ್ಕ ಫೋನ್ ಮಾಡಿದಳು. "ಬೆಂಗಳೂರಿಂದ ಯಾರೋ ಫೋನ್ ಮಾಡಿದ್ರು ಕಣೋ. ಡಯಾಲಿಸಿಸ್ ಡಿಗ್ರಿಗೆ ಇನ್ನು ಎರಡೇ ಸೀಟು ಉಳಿದಿರೋದಂತೆ. ನಾಳೆ ಸಂಜೆಯೊಳಗೆ ಹತ್ತು ಸಾವಿರ ಹಾಕಿದ್ರೆ ಬುಕ್ ಮಾಡ್ತಾರಂತೆ. ನೀನೂ ಅದೇ ಕೆಲಸದಲ್ಲಿದ್ದೀಯಲ್ಲ, ಹಾಕ್ಲಾ?"

ಹಾಕಬೇಡ ಅಂದೆ. ಮಗಳ ಮಾರ್ಕ್ಸ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ, ಆಗಲೇ ಅವಳ ನಂಬರ್ ಏಜೆಂಟನ ಕೈ ಸೇರಿದೆ. ಮೊದಲು ಅದನ್ನೇ ಯೋಚನೆ ಮಾಡು ಅಂದೆ.

ನಾನು ಡಯಾಲಿಸಿಸ್ ಟೆಕ್ನಿಷಿಯನ್. ಕಿಡ್ನಿ ಕೈಕೊಟ್ಟವರ ರಕ್ತವನ್ನು ಮೆಷಿನ್ನಿನಲ್ಲಿ ಸೋಸುವ ಕೆಲಸ. 14 ವರ್ಷ ಆಯಿತು. ನಮ್ಮ ಯುನಿಟ್‌ಗೆ ಪ್ರತಿ ವರ್ಷ ನಾಲ್ಕೈದು ಕಾಲೇಜುಗಳಿಂದ ಇಂಟರ್ನ್‌ಗಳು ಬರುತ್ತಾರೆ. ಮೊದಲ ದಿನ ಒಂದು ಡಯಲೈಸರ್, ಅಂದರೆ ರಕ್ತ ಸೋಸುವ ಫಿಲ್ಟರ್, ಕೈಗೆ ಕೊಟ್ಟು "ಪ್ರೈಮ್ ಮಾಡಿ" ಅಂದರೆ ಸಾಕು. ಸಲೈನ್ ಬಿಡುವಾಗ ಒಳಗಿನ ಗಾಳಿಯನ್ನು ತಟ್ಟಿ ತಟ್ಟಿ ಹೊರಗೆ ಕಳಿಸುವವರು ಯಾರು, ಟ್ಯೂಬ್ ಹಿಡಿದುಕೊಂಡು ನನ್ನ ಮುಖ ನೋಡುವವರು ಯಾರು ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಇಬ್ಬರ ಹತ್ತಿರವೂ ಒಂದೇ ಯೂನಿವರ್ಸಿಟಿಯ ಡಿಗ್ರಿ ಇರುತ್ತದೆ.

ಮುಖ ನೋಡುವವರನ್ನು ಬೈಯುವ ಹಕ್ಕು ನನಗಿಲ್ಲ. ನಾನೂ ಹಾಗೇ ಇದ್ದೆ. ನಾನು ಓದಿದ ಕಾಲೇಜಿನಲ್ಲಿ ಒಂದೇ ಒಂದು ಡಯಾಲಿಸಿಸ್ ಮೆಷಿನ್ ಇತ್ತು. ಅದಕ್ಕೆ ಹಳೇ ಬೆಡ್‌ಶೀಟ್ ಹೊದಿಸಿದ್ದರು. ಯೂನಿವರ್ಸಿಟಿಯವರು ತಪಾಸಣೆಗೆ ಬರುವ ದಿನ ಬೆಡ್‌ಶೀಟ್ ತೆಗೆಯುತ್ತಿದ್ದರು, ಅವರು ಹೋದ ಮೇಲೆ ಮತ್ತೆ ಹೊದಿಸುತ್ತಿದ್ದರು. ಕೆಲಸ ಕಲಿತಿದ್ದು ಡಿಗ್ರಿ ಮುಗಿದ ಮೇಲೆ, ಅರ್ಧ ಸಂಬಳಕ್ಕೆ ದುಡಿಯುತ್ತಾ.

ಹಾಗಂತ ಚಿಕ್ಕ ಕಾಲೇಜು ಅಂದರೆ ಕೆಟ್ಟದ್ದು ಅಂತಲ್ಲ. ನಮ್ಮಲ್ಲಿಗೆ ಬಂದವರಲ್ಲಿ ಕೈ ಚೆನ್ನಾಗಿ ಓಡುವ ಹುಡುಗರು ಕೆಲವರು ವರ್ಷಕ್ಕೆ ಹತ್ತು ಮಕ್ಕಳನ್ನಷ್ಟೇ ತೆಗೆದುಕೊಳ್ಳುವ ಕಾಲೇಜಿನವರು. ವ್ಯತ್ಯಾಸ ಎಲ್ಲಿದೆ ಅಂತ ಹುಡುಕುವುದು ಹೇಗೆ? ಅಕ್ಕನ ಮಗಳ ಜೊತೆ ಎರಡು ತಿಂಗಳು ಓಡಾಡಿದೆನಲ್ಲ, ಅದೇ ಕ್ರಮದಲ್ಲಿ ಬರೆಯುತ್ತೇನೆ.

ಹೆಜ್ಜೆ 1: ಕೋರ್ಸಿನ ಪೂರ್ತಿ ಹೆಸರು ಬರೆದುಕೊಳ್ಳಿ

"ಪ್ಯಾರಾಮೆಡಿಕಲ್ ಓದ್ತಾಳೆ" ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಆದ ಮೇಲೆ ಕರ್ನಾಟಕದ ಪ್ಯಾರಾಮೆಡಿಕಲ್ ಬೋರ್ಡ್ ಕೊಡುವುದು ಡಿಪ್ಲೊಮಾ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಅಂದರೆ ಆರ್‌ಜಿಯುಎಚ್‌ಎಸ್, ಕೊಡುವುದು ಬಿ.ಎಸ್ಸಿ. ಡಿಗ್ರಿ. ಇಲ್ಲಿ ಸಾಮಾನ್ಯವಾಗಿ ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಎಷ್ಟೋ ಕಡೆ ಎರಡೂ ಒಂದೇ ಕಟ್ಟಡದಲ್ಲಿ, ಒಂದೇ ಬೋರ್ಡಿನ ಕೆಳಗೆ ನಡೆಯುತ್ತವೆ. ಅಡ್ಮಿಷನ್ ಫಾರಂನಲ್ಲಿ ಯಾವುದು ಬರೆದಿದೆ ಅಂತ ಓದದೆ ಸಹಿ ಹಾಕಿದವರು ನನಗೆ ಗೊತ್ತು. ಬಿ.ವೊಕ್. (ಬ್ಯಾಚುಲರ್ ಆಫ್ ವೊಕೇಷನ್) ಅಂತ ಇನ್ನೊಂದು ಬೇರೆ ಇದೆ. ಅದನ್ನೂ ಬಿ.ಎಸ್ಸಿ.ಯನ್ನೂ ಒಂದೇ ಅಂತ ಹೇಳಿ ಸೇರಿಸಿಕೊಳ್ಳುವವರಿದ್ದಾರೆ.

ನರ್ಸಿಂಗ್, ಫಾರ್ಮಸಿ ಅಲೈಡ್ ಹೆಲ್ತ್ ಗುಂಪಿಗೆ, ಅಂದರೆ ಆಸ್ಪತ್ರೆಯ ತಾಂತ್ರಿಕ ಕೆಲಸಗಳ ಗುಂಪಿಗೆ, ಬರಲ್ಲ. ಅವಕ್ಕೆ ಅವುಗಳದ್ದೇ ಕೌನ್ಸಿಲ್ ಇವೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿಸುವ ಮಾತು ಮತ್ತು ಶ್ರವಣದ ಡಿಗ್ರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಬೇಕು. ಲ್ಯಾಬ್, ಎಕ್ಸ್‌ರೇ, ಓಟಿ (ಆಪರೇಷನ್ ಥಿಯೇಟರ್), ಡಯಾಲಿಸಿಸ್, ಆಪ್ಟೋಮೆಟ್ರಿ (ಕಣ್ಣಿನ ಪರೀಕ್ಷೆ), ಫಿಸಿಯೋಥೆರಪಿ ಇವೆಲ್ಲ 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯ ಕೆಳಗೆ ಬರುತ್ತವೆ. ಆ ಕಾಯ್ದೆ ಈ ವೃತ್ತಿಗಳನ್ನು 10 ಗುಂಪು ಮಾಡಿದೆ. ಪ್ರತಿ ರಾಜ್ಯದಲ್ಲೂ ಒಂದು ಕೌನ್ಸಿಲ್, ಅಲ್ಲಿ ಹೆಸರು ನೋಂದಣಿ ಅಂತ ಹೇಳಿದೆ. 2025ರಲ್ಲಿ ಆಯೋಗ ಕೆಲವು ಕೋರ್ಸ್‌ಗಳಿಗೆ ಇಡೀ ದೇಶಕ್ಕೆ ಒಂದೇ ಪಠ್ಯಕ್ರಮ ತಂದಿತು. ಫಿಸಿಯೋಥೆರಪಿಗೆ ಅದರಲ್ಲಿ ಇಂಟರ್ನ್‌ಶಿಪ್ ಸೇರಿ 5 ವರ್ಷ. ಆದ್ದರಿಂದ ಕಾಲೇಜಿನವರಿಗೆ ಕೇಳಬೇಕಾದ ಮೊದಲ ಪ್ರಶ್ನೆ: "ಈ ವರ್ಷ ಸೇರಿದವರಿಗೆ ಯಾವ ಪಠ್ಯಕ್ರಮ, ಒಟ್ಟು ಎಷ್ಟು ವರ್ಷ?" ಹೋದ ವರ್ಷದ ಬ್ರೋಷರ್ ಕೈಗಿಟ್ಟರೆ ಒಪ್ಪಬೇಡಿ.

ಹೆಜ್ಜೆ 2: ಕಾಗದಪತ್ರ ಮನೆಯಲ್ಲೇ ಕೂತು ನೋಡಿ

ಇದಕ್ಕೆ ಒಂದು ಸಂಜೆ ಸಾಕು. ಆರ್‌ಜಿಯುಎಚ್‌ಎಸ್ ವೆಬ್‌ಸೈಟಿನಲ್ಲಿ ಅಫಿಲಿಯೇಷನ್ ಇರುವ ಕಾಲೇಜುಗಳ ಪಟ್ಟಿ ಸಿಗುತ್ತದೆ. ಕಾಲೇಜಿನ ಹೆಸರು ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ಮೂರು ಸಂಗತಿ ತಾಳೆ ನೋಡಬೇಕು. ನಿಮಗೆ ಬೇಕಾದ ಕೋರ್ಸಿಗೇ ಅನುಮತಿ ಇದೆಯಾ? ಈ ವರ್ಷಕ್ಕೆ ಇದೆಯಾ? ಎಷ್ಟು ಸೀಟಿಗೆ ಇದೆ? ಲ್ಯಾಬ್ ಕೋರ್ಸಿಗೆ ಅನುಮತಿ ಇಟ್ಟುಕೊಂಡು, "ಡಯಾಲಿಸಿಸ್‌ಗೂ ಅರ್ಜಿ ಹಾಕಿದ್ದೀವಿ, ಬಂದೇ ಬರುತ್ತೆ" ಅಂತ ಮಕ್ಕಳನ್ನು ಸೇರಿಸಿಕೊಳ್ಳುವುದು ಹಳೇ ಆಟ. ಅನುಮತಿ ಬರದಿದ್ದರೆ ಮೊದಲ ವರ್ಷದ ಪರೀಕ್ಷೆ ಹೊತ್ತಿಗೆ ಹಾಲ್ ಟಿಕೆಟ್ ಬರಲ್ಲ. ಆಗ ಕಾಲೇಜಿನವರ ಮಾತಿನ ವರಸೆಯೇ ಬೇರೆ ಆಗಿರುತ್ತದೆ.

ಸೀಟಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಡಿ. ಮುಂದೆ ಲೆಕ್ಕಕ್ಕೆ ಬೇಕು.

ಡೀಮ್ಡ್ ಯೂನಿವರ್ಸಿಟಿಗಳು ತಮ್ಮದೇ ಡಿಗ್ರಿ ಕೊಡುತ್ತವೆ. ಅವು ಆರ್‌ಜಿಯುಎಚ್‌ಎಸ್ ಪಟ್ಟಿಯಲ್ಲಿ ಇರಲ್ಲ, ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ ಪಟ್ಟಿಯಲ್ಲಿ ನೋಡಬೇಕು. ಎಚ್ಚರ ಬೇಕಾಗಿರುವುದು ಇನ್ನೊಂದು ಕಡೆ. ಎರಡನೇ ಮಹಡಿಯಲ್ಲಿ ನಾಲ್ಕು ರೂಮು, ಡಿಗ್ರಿ ಮಾತ್ರ ಉತ್ತರದ ಯಾವುದೋ ರಾಜ್ಯದ ಖಾಸಗಿ ಯೂನಿವರ್ಸಿಟಿಯದ್ದು. ಖಾಸಗಿ ಯೂನಿವರ್ಸಿಟಿ ಬೇರೆ ಕಾಲೇಜುಗಳಿಗೆ ಅಫಿಲಿಯೇಷನ್ ಕೊಡುವ ಹಾಗಿಲ್ಲ. "ಸ್ಟಡಿ ಸೆಂಟರ್" ಅಂದ ಕೂಡಲೇ ಎದ್ದು ಬನ್ನಿ. ದೂರ ಶಿಕ್ಷಣ, ಆನ್‌ಲೈನ್ ಅಂದರೂ ಅಷ್ಟೇ. ಈ ಕಾಯ್ದೆಯ ಕೆಳಗಿನ ಕೋರ್ಸ್‌ಗಳನ್ನು ಆ ರೀತಿ ನಡೆಸಬಾರದು ಅಂತ ಯುಜಿಸಿ 2025ರಲ್ಲಿ ಹೇಳಿಬಿಟ್ಟಿದೆ.

ಸರ್ಕಾರಿ ಸಂಸ್ಥೆಗಳನ್ನೂ ಇದೇ ಸಂಜೆ ನೋಡಿಬಿಡಿ. ಹೃದಯಕ್ಕೆ ಜಯದೇವ, ಕ್ಯಾನ್ಸರ್ ರೇಡಿಯೋಥೆರಪಿಗೆ ಕಿದ್ವಾಯಿ, ನರಗಳಿಗೆ ನಿಮ್ಹಾನ್ಸ್, ಕಿಡ್ನಿಗೆ ನೆಫ್ರೋ ಯುರಾಲಜಿ ಸಂಸ್ಥೆ, ಜೊತೆಗೆ ಸರ್ಕಾರಿ ಮೆಡಿಕಲ್ ಕಾಲೇಜುಗಳು. ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಆದರೆ ಕಲಿಯುವುದಕ್ಕೆ ರೋಗಿಗಳ ಕೊರತೆ ಇರಲ್ಲ. ಅಲ್ಲಿ ಅರ್ಜಿ ಹಾಕದೆ ನೇರ ಖಾಸಗಿಗೆ ಹೋಗಬೇಡಿ.

ಹೆಜ್ಜೆ 3: ಕಾಲೇಜು ಬಿಡಿ, ಆಸ್ಪತ್ರೆ ಎಲ್ಲಿ ಅಂತ ಕೇಳಿ

ಅನುಮತಿ ನೋಡಿದ ಮೇಲೆ ಸಮಯ ಕಡಿಮೆ ಇದ್ದರೆ, ಬೇರೆಲ್ಲ ಬಿಟ್ಟು ಇದೊಂದನ್ನು ಮಾಡಿ.

ನಮ್ಮ ಕೆಲಸ ಕಲಿಯುವುದು ರೋಗಿಯ ಪಕ್ಕದಲ್ಲಿ. ಒಂದು ಉದಾಹರಣೆ ಹೇಳುತ್ತೇನೆ. ಡಯಾಲಿಸಿಸ್ ರೋಗಿಗೆ ಕೈಯಲ್ಲಿ ಫಿಸ್ಟುಲಾ ಮಾಡಿರುತ್ತಾರೆ. ಒಂದು ಅಪಧಮನಿಯನ್ನೂ ಒಂದು ಅಭಿಧಮನಿಯನ್ನೂ ಜೋಡಿಸುವ ಆಪರೇಷನ್ ಅದು. ಸೂಜಿ ಹಾಕುವ ಮೊದಲು ಅದರ ಮೇಲೆ ಬೆರಳಿಡಬೇಕು. ಮೊಬೈಲ್ ವೈಬ್ರೇಟ್ ಆದ ಹಾಗೆ ಒಳಗೆ ಝುಂ ಅನ್ನುತ್ತಿರುತ್ತದೆ. ಅದಕ್ಕೆ ಥ್ರಿಲ್ ಅನ್ನುತ್ತೇವೆ. ಅದು ಎಲ್ಲಿ ಜೋರಾಗಿದೆ, ಎಲ್ಲಿ ಸಣ್ಣದಾಗುತ್ತದೆ, ನಾಳ ಎತ್ತ ತಿರುಗುತ್ತದೆ ಅಂತ ಬೆರಳಿಗೇ ಗೊತ್ತಾಗಬೇಕು. ಆಮೇಲೆ ಹಾಕುವ ಸೂಜಿ ಇಂಜೆಕ್ಷನ್ ಸೂಜಿಯಂತಲ್ಲ, ಸಾಕಷ್ಟು ದಪ್ಪ. ಅದೂ ಎರಡು. ತಪ್ಪಿದರೆ ಕೈ ಊದಿಕೊಳ್ಳುತ್ತದೆ. ವಾರಕ್ಕೆ ಎರಡು ಮೂರು ಸಲ ಚುಚ್ಚಿಸಿಕೊಳ್ಳುವ ಆ ಮನುಷ್ಯ ಮುಂದಿನ ಸಲ ನಿಮ್ಮನ್ನು ಹತ್ತಿರ ಸೇರಿಸಲ್ಲ. ಇದನ್ನು ಪಿಪಿಟಿಯಲ್ಲಿ ಹೇಗೆ ಕಲಿಸುತ್ತಾರೆ?

ಹಾಗಾಗಿ ಲೆಕ್ಕ ಹಾಕಿ. ಒಂದು ಡಯಾಲಿಸಿಸ್‌ಗೆ ಸುಮಾರು 4 ಗಂಟೆ. ಮಧ್ಯೆ ಮೆಷಿನ್ ತೊಳೆಯಬೇಕು, ಮುಂದಿನವರಿಗೆ ಸಿದ್ಧ ಮಾಡಬೇಕು. ಒಂದು ಮೆಷಿನ್ನಿಗೆ ದಿನಕ್ಕೆ ಹೆಚ್ಚೆಂದರೆ 3 ಶಿಫ್ಟ್ ಅಂತ ಇಟ್ಟುಕೊಳ್ಳಿ. ಅಕ್ಕನಿಗೆ ಫೋನ್ ಬಂದ ಕಾಲೇಜು ತೋರಿಸಿದ ಆಸ್ಪತ್ರೆಯಲ್ಲಿ 5 ಮೆಷಿನ್ ಇದ್ದವು. ಎಲ್ಲ ತುಂಬಿದರೂ ದಿನಕ್ಕೆ 15 ರೋಗಿಗಳು. ಕಾಲೇಜಿನ ಸೀಟು ವರ್ಷಕ್ಕೆ 30. ಎರಡನೇ ವರ್ಷ, ಮೂರನೇ ವರ್ಷ, ಇಂಟರ್ನ್ ಮೂರೂ ಸೇರಿದರೆ 90 ಮಕ್ಕಳು. 15 ರೋಗಿಗಳಿಗೆ 90 ಮಕ್ಕಳು ಅಂದರೆ ಒಬ್ಬರಿಗೆ ಆರು ದಿನಕ್ಕೊಂದು ಅವಕಾಶ. ಅದೂ ಸ್ಟಾಫ್ ಟೆಕ್ನಿಷಿಯನ್‌ಗಳು ಪ್ರತಿ ಸಲ ಪಕ್ಕಕ್ಕೆ ಸರಿದು ಜಾಗ ಬಿಟ್ಟರೆ! ಬೆಳಿಗ್ಗೆ ಹೊತ್ತಿನಲ್ಲಿ ಯಾರೂ ಬಿಡಲ್ಲ. ನಾನೂ ಬಿಡಲ್ಲ.

ಆಮೇಲೆ ಬೆಂಗಳೂರಿನ ಹೊರಗೆ ನೋಡಿದ ಇನ್ನೊಂದು ಕಾಲೇಜಿನಲ್ಲಿ ವರ್ಷಕ್ಕೆ 10 ಸೀಟು. ಅದೇ ಟ್ರಸ್ಟಿನ ಆಸ್ಪತ್ರೆ, ರಸ್ತೆ ದಾಟಿದರೆ ಸಾಕು. ಅಲ್ಲಿ 10 ಮೆಷಿನ್, 3 ಶಿಫ್ಟ್. 30 ರೋಗಿಗಳಿಗೆ 30 ಮಕ್ಕಳು. ಕಾಲೇಜಿಗೆ ಹೆಸರಿಲ್ಲ, ಕಟ್ಟಡಕ್ಕೆ ಲಿಫ್ಟ್ ಇಲ್ಲ, ಗೋಡೆಗೆ ಸುಣ್ಣ ಬಳಿದು ಎಷ್ಟು ಕಾಲವಾಗಿದೆಯೋ. ಆದರೆ ಆ ಲೆಕ್ಕ ನೋಡಿ.

ಈ ಲೆಕ್ಕದಲ್ಲಿ ಎರಡು ಕಡೆ ಮೋಸ ಹೋಗುತ್ತೀರಿ. ಒಂದು, ಅದೇ ಆಸ್ಪತ್ರೆ ಬೇರೆ ಕಾಲೇಜುಗಳಿಗೂ ಒಪ್ಪಂದ ಮಾಡಿಕೊಟ್ಟಿರಬಹುದು. "ಎಂಒಯು ಇದೆ" ಅಂತ ಕಾಲೇಜಿನವರು ಕಾಗದ ತೋರಿಸಿದಾಗ ಅದರ ಅವಧಿ ಎಂದಿಗೆ ಮುಗಿಯುತ್ತದೆ ಅಂತ ನೋಡಿ. ಆಸ್ಪತ್ರೆಗೆ ಹೋಗಿ "ಇಲ್ಲಿಗೆ ಇನ್ಯಾವ ಕಾಲೇಜಿನ ಮಕ್ಕಳು ಬರ್ತಾರೆ?" ಅಂತ ಕೇಳಿ. ರಿಸೆಪ್ಷನ್‌ನಲ್ಲಿ ಬೇಡ, ಆಯಾ ಹತ್ತಿರ ಕೇಳಿ. ಯಾವ್ಯಾವ ಬಣ್ಣದ ಯೂನಿಫಾರ್ಮ್ ಬರುತ್ತದೆ ಅಂತ ಬೆರಳು ಮಡಿಸಿ ಹೇಳುತ್ತಾರೆ. ಎರಡು, ಮೆಷಿನ್ ಇರುವುದು ಬೇರೆ, ಓಡುವುದು ಬೇರೆ. ಎಷ್ಟು ಗಂಟೆ ಓಡಿದೆ ಅನ್ನುವುದು ಎಷ್ಟೋ ಮೆಷಿನ್‌ಗಳಲ್ಲೇ ದಾಖಲಾಗಿರುತ್ತದೆ. ತೋರಿಸಿ ಅಂದರೆ ತೋರಿಸುವವರು ತೋರಿಸುತ್ತಾರೆ.

ಖಾಸಗಿ ಆಸ್ಪತ್ರೆಯಾದರೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಇರಬೇಕು. ಬ್ರೋಷರಿನಲ್ಲಿ "300 ಹಾಸಿಗೆ" ಅಂತಿದ್ದರೆ ನಿಜಕ್ಕೂ ಎಷ್ಟು ಅಂತ ವಾರ್ಡುಗಳಲ್ಲಿ ಒಂದು ಸುತ್ತು ಹಾಕಿ. ಮಧ್ಯಾಹ್ನದ ವಿಸಿಟಿಂಗ್ ಅವರ್ಸ್‌ನಲ್ಲಿ ಹೋದರೆ ಯಾರೂ ತಡೆಯಲ್ಲ. ಎಷ್ಟು ಹಾಸಿಗೆಯಲ್ಲಿ ಜನ ಇದ್ದಾರೆ, ಎಷ್ಟರ ಮೇಲೆ ಬರೀ ರೆಕ್ಸಿನ್ ಹಾಸಿದೆ ಅಂತ ಕಣ್ಣಿಗೇ ಕಾಣುತ್ತದೆ.

ದೂರವೂ ಲೆಕ್ಕವೇ. ಆಸ್ಪತ್ರೆ 25 ಕಿಲೋಮೀಟರ್ ಆಚೆ ಇದ್ದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ದಿನದ ಮೂರು ಗಂಟೆ ಬಸ್ಸಿನಲ್ಲೇ ಹೋಗುತ್ತದೆ. ಬೆಳಗಿನ ಮೊದಲ ಶಿಫ್ಟ್ ಶುರುವಾಗುವ ಹೊತ್ತಿಗೆ ಮಕ್ಕಳು ಇನ್ನೂ ಸಿಗ್ನಲ್‌ನಲ್ಲಿ ಇರುತ್ತಾರೆ.

ಹೆಜ್ಜೆ 4: ನಿಮ್ಮ ಕೋರ್ಸಿಗೆ ತಕ್ಕ ಪ್ರಶ್ನೆ ಕೇಳಿ

ಡಯಾಲಿಸಿಸ್ ನನ್ನ ಕೆಲಸ, ಅದಕ್ಕೇ ಅಷ್ಟು ಹೇಳಿದೆ. ಉಳಿದದ್ದನ್ನು ನಮ್ಮ ಆಸ್ಪತ್ರೆಯ ಬೇರೆ ವಿಭಾಗದವರನ್ನು ಕೇಳಿ ತಿಳಿದುಕೊಂಡೆ.

ಲ್ಯಾಬ್ ಟೆಕ್ನಾಲಜಿಗೆ ಹೋಗುವವರು "ದಿನಕ್ಕೆ ಎಷ್ಟು ಸ್ಯಾಂಪಲ್ ಬರುತ್ತೆ?" ಅಂತ ಮಾತ್ರ ಕೇಳಿದರೆ ಸಾಲದು. "ಯಾವ ಟೆಸ್ಟ್ ಹೊರಗೆ ಕಳಿಸ್ತೀರಿ?" ಅಂತ ಕೇಳಬೇಕು. ಚಿಕ್ಕ ಆಸ್ಪತ್ರೆಗಳು ಕಲ್ಚರ್, ಬಯಾಪ್ಸಿ ಎರಡನ್ನೂ ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸುವುದು ಮಾಮೂಲು. ಸಂಜೆ ಒಬ್ಬ ಹುಡುಗ ಬೈಕಿನಲ್ಲಿ ಬಂದು ಡಬ್ಬಿ ತೆಗೆದುಕೊಂಡು ಹೋಗುತ್ತಾನೆ. ಅಂಥ ಕಡೆ ಓದಿದ ಮಗು ಪ್ಲೇಟಿನ ಮೇಲೆ ಬ್ಯಾಕ್ಟೀರಿಯಾ ಬೆಳೆದದ್ದನ್ನು, ಮೈಕ್ರೋಟೋಮ್‌ನಲ್ಲಿ ತೆಳ್ಳಗೆ ಕತ್ತರಿಸಿದ್ದನ್ನು ನೋಡುವುದು ಪ್ರಾಕ್ಟಿಕಲ್ ಪರೀಕ್ಷೆಯ ದಿನವೇ. ರಕ್ತದ ಎಣಿಕೆಯನ್ನು ಈಗ ಮೆಷಿನ್ನೇ ಮಾಡಿಕೊಡುತ್ತದೆ, ನಿಜ. ಆದರೆ ಮೆಷಿನ್ ತಪ್ಪು ಹೇಳಿದಾಗ ಹಿಡಿಯಬೇಕಾದರೆ ಲೀಶ್‌ಮನ್ ಸ್ಟೇನ್ ಹಾಕಿದ ಸ್ಲೈಡನ್ನು ಕಣ್ಣಾರೆ ನೂರಾರು ಸಲ ನೋಡಿರಬೇಕು. ಮೈಕ್ರೋಸ್ಕೋಪ್ ಎಷ್ಟಿವೆ, ಒಂದಕ್ಕೆ ಎಷ್ಟು ಮಕ್ಕಳು ಅಂತ ಎಣಿಸಿ. ಲ್ಯಾಬ್‌ಗಳ ಗುಣಮಟ್ಟ ನೋಡುವ ಎನ್‌ಎಬಿಎಲ್ ಸಂಸ್ಥೆಯ ಮಾನ್ಯತೆ ಇರುವ ಲ್ಯಾಬ್‌ನಲ್ಲಿ ಪೋಸ್ಟಿಂಗ್ ಸಿಕ್ಕರೆ ತುಂಬಾ ಒಳ್ಳೆಯದು. ಅಲ್ಲಿ ಕ್ವಾಲಿಟಿ ಕಂಟ್ರೋಲ್ ಅನ್ನುವುದು ದಿನನಿತ್ಯದ ಕೆಲಸ.

ಇಮೇಜಿಂಗ್‌ನವರು ಸಿಟಿ, ಎಂಆರ್‌ಐ ಎಲ್ಲಿವೆ ಅಂತ ನೋಡಬೇಕು. ಎಷ್ಟೋ ಕಡೆ ಅವು ಆಸ್ಪತ್ರೆಯದ್ದಲ್ಲ, ಬೇರೆ ಡಯಾಗ್ನೋಸ್ಟಿಕ್ ಸೆಂಟರಿನದ್ದು. ಅಲ್ಲಿ ಮಕ್ಕಳಿಗೆ ಗಾಜಿನ ಆಚೆ ನಿಲ್ಲುವ ಭಾಗ್ಯ ಅಷ್ಟೇ. ಎಕ್ಸ್‌ರೇ ಮೆಷಿನ್‌ಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ, ಅಂದರೆ ಎಇಆರ್‌ಬಿಯ ಲೈಸೆನ್ಸ್ ಇರಬೇಕು. ವಿಕಿರಣದ ಹತ್ತಿರ ಕೆಲಸ ಮಾಡುವವರ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರಬೇಕು. ಮೈಗೆ ಎಷ್ಟು ವಿಕಿರಣ ತಾಗಿದೆ ಅಂತ ಅಳೆಯುವ ಸಣ್ಣ ಬಿಲ್ಲೆ ಅದು. ಪೋಸ್ಟಿಂಗ್‌ಗೆ ಹೋಗುವ ವಿದ್ಯಾರ್ಥಿಗಳಿಗೂ ಕೊಡ್ತೀರಾ ಅಂತ ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೆ ಮಗಳನ್ನು ಕಳಿಸಬೇಡಿ. ಇನ್ನೊಂದು ಮಾತು. "ಸ್ಕ್ಯಾನಿಂಗ್ ಕಲಿಸ್ತೀವಿ, ಊರಲ್ಲಿ ಸೆಂಟರ್ ಹಾಕಬಹುದು" ಅಂತ ಯಾರಾದರೂ ಅಲ್ಟ್ರಾಸೌಂಡ್ ಆಸೆ ತೋರಿಸಿದರೆ ಅದು ಸುಳ್ಳು. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಬಿಗಿಯಾಗಿದೆ. ಆ ಕೆಲಸ ಅರ್ಹತೆ ಇರುವ ಡಾಕ್ಟರದ್ದು.

ಓಟಿ ಮತ್ತು ಅನಸ್ತೀಸಿಯಾಕ್ಕೆ ವಾರಕ್ಕೆ ಎಷ್ಟು ಆಪರೇಷನ್, ಅದರಲ್ಲಿ ಪೂರ್ತಿ ಅರಿವಳಿಕೆ ಕೊಟ್ಟು ಮಾಡುವುದು ಎಷ್ಟು ಅಂತ ಕೇಳಿ. ಬರೀ ಸಿಸೇರಿಯನ್ ನಡೆಯುವ ಕಡೆ ಮಕ್ಕಳು ಕಲಿಯುವುದು ಸ್ವಲ್ಪವೇ. ಕಾರ್ಡಿಯಾಕ್ ಅಂದರೆ ಹೃದಯದ ರಕ್ತನಾಳಕ್ಕೆ ಟ್ಯೂಬ್ ಬಿಟ್ಟು ನೋಡುವ ಕ್ಯಾಥ್ ಲ್ಯಾಬ್ ಇರಲೇಬೇಕು. ಇಸಿಜಿ ಮೆಷಿನ್ ತೋರಿಸಿ ಕಾರ್ಡಿಯಾಕ್ ಡಿಗ್ರಿ ಅನ್ನುವವರ ಹತ್ತಿರ ಜಾಸ್ತಿ ಮಾತು ಬೇಡ. ಪರ್‌ಫ್ಯೂಷನ್‌ಗೆ (ಆಪರೇಷನ್ ಹೊತ್ತಿನಲ್ಲಿ ಹೃದಯದ ಕೆಲಸ ಮಾಡುವ ಮೆಷಿನ್ ನಡೆಸುವ ಕೋರ್ಸ್) ತೆರೆದ ಹೃದಯದ ಶಸ್ತ್ರಚಿಕಿತ್ಸೆ ನಿಯಮಿತವಾಗಿ ನಡೆಯಬೇಕು, ತಿಂಗಳಿಗೊಂದು ಎರಡು ಅಂದರೆ ಆಗಲ್ಲ. ಆಪ್ಟೋಮೆಟ್ರಿಯಲ್ಲಿ ಕಣ್ಣಿನ ಪವರ್ ನೋಡುವ ರೆಟಿನೋಸ್ಕೋಪ್ ಮಕ್ಕಳ ಕೈಯಲ್ಲಿ ಇರಬೇಕು, ಬೀರುವಿನಲ್ಲಿ ಅಲ್ಲ.

ಹೆಜ್ಜೆ 5: ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ

ಭಾನುವಾರ ಹೋದರೆ ಕಾಲೇಜು ತೋರಿಸುವುದು ಅಡ್ಮಿಷನ್ ಆಫೀಸಿನವರು. ವಾರದ ಮಧ್ಯೆ, ಹೇಳದೆ ಕೇಳದೆ, ಲ್ಯಾಬ್ ನಡೆಯುವ ಹೊತ್ತಿಗೆ ಹೋಗಿ. ನಾನು, ಅಕ್ಕನ ಮಗಳು, ಭಾವ ಮೂವರೂ ಹೋಗಿದ್ದೆವು. ಎಸಿ ರೂಮಿನಲ್ಲಿ ಕಾಫಿ ಕೊಟ್ಟರು. ಕೌನ್ಸೆಲರ್ ಮೇಡಂ ಟ್ಯಾಬ್‌ನಲ್ಲಿ ಫೋಟೋ ತೋರಿಸುತ್ತಾ ಹೋದರು.

"ಲ್ಯಾಬ್ ನೋಡಬಹುದಾ ಮೇಡಂ?" ಅಂದೆ.

"ಖಂಡಿತ ಸರ್. ಆದ್ರೆ ಕೀ ಇರೋ ಸ್ಟಾಫ್ ಇವತ್ತು ರಜಾ."

ಭಾವ ನನ್ನ ಮುಖ ನೋಡಿದರು. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ. ಪ್ರಾಕ್ಟಿಕಲ್ ನಡೆಯಬೇಕಾದ ಹೊತ್ತು. ಬೀಗ ಹಾಕಿದ ಲ್ಯಾಬು. ಕಾಫಿ ಮುಗಿಸಿ ಎದ್ದೆವು.

ಲ್ಯಾಬ್ ತೆರೆದಿದ್ದರೆ ಏನು ನೋಡಬೇಕು? ಹೊಸ ಸಾಮಾನು ನೋಡಿ ಖುಷಿಪಡಬೇಡಿ. ಬಳಸಿದ ಗುರುತು ಹುಡುಕಿ. ಸಿಂಕಿನಲ್ಲಿ ಸ್ಟೇನಿನ ನೀಲಿ ನೇರಳೆ ಕಲೆ ಇದೆಯಾ? ರೀಏಜೆಂಟ್ ಬಾಟಲಿಯ ಎಕ್ಸ್‌ಪೈರಿ ಯಾವಾಗ? ಫ್ರಿಜ್ ತೆರೆದರೆ ಒಳಗೆ ಕಿಟ್ ಇದೆಯಾ, ಸ್ಟಾಫಿನವರ ಮೊಸರು ಡಬ್ಬಿ ಇದೆಯಾ? ಕೆಂಪು, ಹಳದಿ, ಬಿಳಿ, ನೀಲಿ ಕಸದ ಡಬ್ಬಗಳಲ್ಲಿ ಸರಿಯಾದ ಕಸವೇ ಬಿದ್ದಿದೆಯಾ? ಆಸ್ಪತ್ರೆ ಕಸವನ್ನು ಬಣ್ಣದ ಪ್ರಕಾರ ಬೇರೆ ಮಾಡುವ ನಿಯಮ ಈ ಮಕ್ಕಳು ಮೊದಲ ತಿಂಗಳಲ್ಲೇ ಕಲಿಯಬೇಕಾದದ್ದು. ಕಲಿಸುವ ಜಾಗದಲ್ಲೇ ಸೂಜಿಯೂ ಹತ್ತಿಯೂ ಒಂದೇ ಡಬ್ಬದಲ್ಲಿದ್ದರೆ ಇನ್ನೇನು ಕಲಿಸಿಯಾರು?

ಮೇಷ್ಟ್ರುಗಳ ಬಗ್ಗೆ. ಗೋಡೆಯ ಮೇಲಿನ ಪಟ್ಟಿಯಲ್ಲಿ ಎಂಟು ಹೆಸರು, ಸ್ಟಾಫ್ ರೂಮಿನಲ್ಲಿ ಎರಡು ಕುರ್ಚಿ ಇದ್ದರೆ ಉಳಿದ ಆರು ಮಂದಿ ತಪಾಸಣೆ ದಿನದ ಅತಿಥಿಗಳು ಅಂತ ಅರ್ಥ. ನಿಮ್ಮ ಕೋರ್ಸಿನಲ್ಲೇ ಡಿಗ್ರಿ ಮಾಡಿದ ಪೂರ್ಣಾವಧಿ ಅಧ್ಯಾಪಕರು ಕನಿಷ್ಠ ಇಬ್ಬರಾದರೂ ಇರಬೇಕು. ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿಗೆ ಹೊರಗಿನಿಂದ ಬರುವುದು ಪರವಾಗಿಲ್ಲ. ಆದರೆ ಡಯಾಲಿಸಿಸ್ ಪಾಠವನ್ನು ಡಯಾಲಿಸಿಸ್ ಮಾಡಿದವರೇ ಮಾಡಬೇಕು. ಚಿಕ್ಕ ಕಾಲೇಜಿನ ದೊಡ್ಡ ರೋಗ ಇದೇ. ಒಬ್ಬ ಒಳ್ಳೆ ಮೇಷ್ಟ್ರ ಮೇಲೆ ಇಡೀ ಕೋರ್ಸ್ ನಿಂತಿರುತ್ತದೆ. ಅವರಿಗೆ ಗಲ್ಫ್‌ನಲ್ಲಿ ಕೆಲಸ ಸಿಕ್ಕಿದ ದಿನ ಕೋರ್ಸ್ ಕುಸಿಯುತ್ತದೆ. "ಎಷ್ಟು ವರ್ಷದಿಂದ ಇಲ್ಲಿದ್ದೀರಿ ಸರ್?" ಅಂತ ಅವರನ್ನೇ ಕೇಳಿ. ಬೇಜಾರು ಮಾಡಿಕೊಳ್ಳಲ್ಲ.

ಹೆಜ್ಜೆ 6: ಟೀ ಅಂಗಡಿಯಲ್ಲಿ ಇಂಟರ್ನ್‌ಗಳನ್ನು ಹಿಡಿಯಿರಿ

ಆಸ್ಪತ್ರೆಯ ಮುಂದಿನ ಟೀ ಅಂಗಡಿಗೆ ಸಂಜೆ ನಾಲ್ಕಕ್ಕೆ ಹೋಗಿ. ಏಪ್ರನ್ ಮಡಚಿ ಬ್ಯಾಗಿಗೆ ತುರುಕಿಕೊಂಡು ಬಂದಿರುತ್ತಾರೆ. ಟೀ ಕೊಡಿಸಿದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಈ ಪ್ರಶ್ನೆಗಳನ್ನು ಅಕ್ಕನ ಮಗಳೇ ಕೇಳಿದಳು, ನಾನು ದೂರ ನಿಂತಿದ್ದೆ. ಹುಡುಗಿ ಕೇಳಿದರೆ ತಂಗಿಗೆ ಹೇಳಿದ ಹಾಗೆ ನಿಜ ಹೇಳುತ್ತಾರೆ.

"ಅಕ್ಕಾ, ನೀವೇ ಸೂಜಿ ಹಾಕಿದ್ದು ಮೊದಲ ಸಲ ಯಾವಾಗ?" "ಲಾಗ್ ಬುಕ್ ದಿನಾ ಬರೀತೀರಾ, ಪರೀಕ್ಷೆ ಹಿಂದಿನ ರಾತ್ರಿನಾ?" "ಕಳೆದ ವರ್ಷ ಎಷ್ಟು ಜನ ಪಾಸಾದ್ರು?" "ನಿಮ್ಮ ತಂಗಿನ ಇಲ್ಲಿಗೆ ಸೇರಿಸ್ತೀರಾ?"

ಕೊನೆಯ ಪ್ರಶ್ನೆಗೆ ಒಬ್ಬಳು ನಕ್ಕು ಸುಮ್ಮನಾದಳು. ಅಷ್ಟು ಸಾಕಾಯಿತು.

ಇಂಟರ್ನ್‌ಶಿಪ್ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಸ್ಟೈಪೆಂಡ್ ಕೊಡ್ತಾರಾ, ಇಲ್ಲಾ ಮಕ್ಕಳೇ ಆಸ್ಪತ್ರೆಗೆ ದುಡ್ಡು ಕಟ್ಟಬೇಕಾ? ನೈಟ್ ಡ್ಯೂಟಿಯಲ್ಲಿ ಸೀನಿಯರ್ ಇರ್ತಾರಾ, ಒಬ್ಬಳನ್ನೇ ಬಿಡ್ತಾರಾ? ನಾಲ್ಕು ಟೆಕ್ನಿಷಿಯನ್ ಬೇಕಾದ ಕಡೆ ಒಬ್ಬರನ್ನಿಟ್ಟು ಉಳಿದದ್ದನ್ನು ಇಂಟರ್ನ್‌ಗಳ ಹತ್ತಿರ ಮಾಡಿಸುವ ಆಸ್ಪತ್ರೆಗಳಿವೆ. ಮೇಲ್ನೋಟಕ್ಕೆ "ಕೈ ತುಂಬಾ ಕೆಲಸ ಸಿಗುತ್ತೆ" ಅನಿಸುತ್ತದೆ. ತಪ್ಪನ್ನು ತಿದ್ದುವವರು ಪಕ್ಕದಲ್ಲಿಲ್ಲದೆ ಮಾಡಿದ ಕೆಲಸದಲ್ಲಿ ತಪ್ಪೇ ಅಭ್ಯಾಸವಾಗುತ್ತದೆ. ನಮ್ಮಲ್ಲಿಗೆ ಬಂದ ಮೇಲೆ ಅದನ್ನು ಬಿಡಿಸಲು ಆರು ತಿಂಗಳು ಬೇಕು.

ಹೆಜ್ಜೆ 7: ದುಡ್ಡಿನ ಲೆಕ್ಕ ಒಂದೇ ಹಾಳೆಯಲ್ಲಿ

ಮೊದಲ ವರ್ಷದ ಫೀ ಕೇಳಿ ವಾಪಸ್ ಬರಬೇಡಿ. ನಾಲ್ಕೂ ವರ್ಷದ್ದನ್ನು, ಪರೀಕ್ಷೆ ಫೀ, ಯೂನಿಫಾರ್ಮ್, ಹಾಸ್ಟೆಲ್, ಬಸ್ಸು, ಇಂಟರ್ನ್‌ಶಿಪ್ ವರ್ಷದ ಫೀ ಎಲ್ಲ ಸೇರಿಸಿ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಏಜೆಂಟನ ಗೂಗಲ್ ಪೇ ನಂಬರಿಗೆ ಒಂದು ರೂಪಾಯಿಯೂ ಹಾಕಬೇಡಿ. ಕಟ್ಟುವುದೆಲ್ಲ ಕಾಲೇಜಿನ ಬ್ಯಾಂಕ್ ಖಾತೆಗೆ, ರಸೀದಿ ಸಮೇತ. ರಸೀದಿಯಲ್ಲಿ "ಡೆವಲಪ್‌ಮೆಂಟ್" ಅಂತ ಬರೆದು ಕೊಟ್ಟರೆ ಬ್ಯಾಂಕ್ ಸಾಲಕ್ಕೆ ಅದು ಕಷ್ಟವಾಗಬಹುದು, ಟ್ಯೂಷನ್ ಫೀ ಎಷ್ಟು ಅಂತ ಬೇರೆ ಬರೆಸಿ.

ರಾಜ್ಯದ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಕಾಲೇಜಿನ ಹೆಸರೂ ಕೋರ್ಸಿನ ಹೆಸರೂ ಬರುತ್ತದಾ ನೋಡಿ. ಬರದಿದ್ದರೆ ಸ್ಕಾಲರ್‌ಶಿಪ್ ಕೈಬಿಟ್ಟ ಹಾಗೆಯೇ. ಹಳೇ ವಿದ್ಯಾರ್ಥಿಯ ಹತ್ತಿರ "ಕಳೆದ ವರ್ಷ ನಿಮ್ಗೆ ಬಂತಾ?" ಅಂತ ಕೇಳಿದರೆ ಇನ್ನೂ ಖಾತ್ರಿ.

ಮಾರ್ಕ್ಸ್ ಕಾರ್ಡಿನ ಒರಿಜಿನಲ್. ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ ಅಂತ 2018ರಲ್ಲೇ ಯುಜಿಸಿ ಹೇಳಿದೆ. ಆದರೂ ಕೇಳುತ್ತಾರೆ. ಒಮ್ಮೆ ಅವರ ಬೀರುವಿಗೆ ಹೋದರೆ ನೀವು ಕಾಲೇಜು ಬಿಡಬೇಕು ಅಂದಾಗ ನಾಲ್ಕು ವರ್ಷದ ಫೀ ಕಟ್ಟಿ ತೆಗೆದುಕೊಂಡು ಹೋಗಿ ಅನ್ನುತ್ತಾರೆ. ನನ್ನ ಕ್ಲಾಸಿನ ಹುಡುಗನೊಬ್ಬ ಹಾಗೆ ಸಿಕ್ಕಿಹಾಕಿಕೊಂಡು ಬೇಡದ ಕೋರ್ಸನ್ನು ಪೂರ್ತಿ ಓದಿದ. ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನನಗಿಂತ ಚೆನ್ನಾಗಿಯೇ ದುಡಿಯುತ್ತಾನೆ ಅನ್ನಿ, ಅದು ಬೇರೆ ಮಾತು.

ಹೆಜ್ಜೆ 8: ಡಿಗ್ರಿ ಆದ ಮೇಲೆ ಎಲ್ಲಿಗೆ?

"ನೂರಕ್ಕೆ ನೂರು ಪ್ಲೇಸ್‌ಮೆಂಟ್" ಅನ್ನುವ ಫ್ಲೆಕ್ಸ್ ನೋಡಿ ನಂಬಬೇಡಿ. ಎರಡು ವರ್ಷ ಹಿಂದೆ ಪಾಸಾದ ಐದು ಮಂದಿ ಈಗ ಎಲ್ಲಿದ್ದಾರೆ, ಯಾವ ಸಂಬಳಕ್ಕೆ ಅಂತ ಕೇಳಿ. ಐದು ಹೆಸರು ಹೇಳಲು ಬಾರದ ಕಾಲೇಜಿಗೆ ತನ್ನ ಮಕ್ಕಳ ಮೇಲೆ ಕಾಳಜಿ ಇಲ್ಲ ಅಂತ ನಾನು ಅಂದುಕೊಳ್ಳುತ್ತೇನೆ. ಚಿಕ್ಕ ಕಾಲೇಜಿನಲ್ಲಿ ಪ್ರಿನ್ಸಿಪಾಲರಿಗೇ ಅದು ಬಾಯಿಗೆ ಬರಬೇಕು, ಹತ್ತೇ ಮಕ್ಕಳಲ್ವಾ.

ಮಂಗಳೂರು, ಉಡುಪಿ ಕಡೆಯವರು ಓದುವಾಗಲೇ ಗಲ್ಫ್ ಲೆಕ್ಕ ಹಾಕುತ್ತಾರೆ. ದುಬೈ, ಸೌದಿಯಲ್ಲಿ ಲೈಸೆನ್ಸ್ ಬೇಕಾದರೆ ಡೇಟಾಫ್ಲೋ ಅಂತ ಒಂದು ಪರಿಶೀಲನೆ ಇದೆ. ಅವರು ಯೂನಿವರ್ಸಿಟಿಗೂ ಹಿಂದೆ ಕೆಲಸ ಮಾಡಿದ ಆಸ್ಪತ್ರೆಗೂ ನೇರವಾಗಿ ಬರೆದು "ಈ ಡಿಗ್ರಿ ನಿಮ್ಮದೇನಾ, ಇವರು ನಿಮ್ಮಲ್ಲಿ ಇದ್ದರಾ?" ಅಂತ ಕೇಳುತ್ತಾರೆ. ಸ್ಟಡಿ ಸೆಂಟರ್ ಡಿಗ್ರಿಗಳು ಬೀಳುವುದು ಅಲ್ಲೇ. ಅಷ್ಟರಲ್ಲಿ ಹುಡುಗನಿಗೆ ಇಪ್ಪತ್ತಾರು ವರ್ಷ ಆಗಿರುತ್ತದೆ. ಇಲ್ಲೇ ಕೆಲಸ ಮಾಡುತ್ತೇನೆ ಅಂದರೂ 2021ರ ಕಾಯ್ದೆಯ ಪ್ರಕಾರ ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿ ಬೇಕು. ಮಾನ್ಯತೆ ಇಲ್ಲದ ಡಿಗ್ರಿಗೆ ಅದೂ ಸಿಗಲ್ಲ.

ಹೆಜ್ಜೆ 9: ಕೂತು ತೀರ್ಮಾನ ಮಾಡಿ

ಎಲ್ಲಕ್ಕೂ ಅಂಕ ಕೊಟ್ಟು ಕೂಡಿಸುವ ಅಭ್ಯಾಸ ಕೆಲವರಿಗಿದೆ. ನನಗೆ ಅದು ಸರಿ ಬರಲ್ಲ. ಆ ಕೋರ್ಸಿಗೆ ಆ ವರ್ಷದ ಅನುಮತಿ ಇಲ್ಲದಿದ್ದರೆ ಅಲ್ಲಿಗೆ ಮುಗಿಯಿತು, ಬೇರೆ ಏನಿದ್ದರೂ ಲೆಕ್ಕಕ್ಕಿಲ್ಲ. ಒಬ್ಬ ವಿದ್ಯಾರ್ಥಿಗೆ ವಾರಕ್ಕೆ ಎಷ್ಟು ಸಲ ಕೈಯಾರೆ ಮಾಡುವ ಅವಕಾಶ ಸಿಗುತ್ತದೆ ಅನ್ನುವುದು ಎರಡನೆಯದು. ಅದರಲ್ಲಿ ಗೆದ್ದ ಕಾಲೇಜಿನ ಹಳೇ ಗೋಡೆ, ಇಲ್ಲದ ಕ್ಯಾಂಟೀನು, ಕಡಿಮೆ ಪುಸ್ತಕದ ಲೈಬ್ರರಿ ಇವನ್ನೆಲ್ಲ ನಾನು ಮಾಫಿ ಮಾಡುತ್ತೇನೆ. ಮೇಷ್ಟ್ರು ಒಬ್ಬರೇ ಇದ್ದರೆ ಮಾತ್ರ ಸ್ವಲ್ಪ ಹಿಂದೆ ಮುಂದೆ ನೋಡುತ್ತೇನೆ.

ಅಕ್ಕನಿಗೆ ಲಿಫ್ಟ್ ಇಲ್ಲದ ಕಟ್ಟಡ ಹಿಡಿಸಲಿಲ್ಲ. "ಬೆಂಗಳೂರು ಅಂದ್ರೆ ಬೆಂಗಳೂರು ಕಣೋ" ಅಂತ ಎರಡು ದಿನ ಅಂದಳು. ಭಾವ ಮಾತಾಡಲಿಲ್ಲ. ಕೊನೆಗೆ ಹುಡುಗಿಯೇ ಹತ್ತು ಸೀಟಿನದ್ದು ಸಾಕು ಅಂದಳು.

ಪಾಠದ ಜೊತೆಗೆ ಮೊದಲ ವರ್ಷದವರನ್ನೂ ಆಗಾಗ ರಸ್ತೆ ದಾಟಿಸಿ ಆಸ್ಪತ್ರೆಗೆ ಕಳಿಸುತ್ತಾರೆ. ರೋಗಿಗಳ ಹತ್ತಿರ ಇನ್ನೂ ಬಿಟ್ಟಿಲ್ಲ, ನೀರಿನ ಪ್ಲಾಂಟಿನಲ್ಲಿ ನಿಲ್ಲಿಸಿದ್ದಾರೆ. ನಿಮಿಷಕ್ಕೆ ಅರ್ಧ ಲೀಟರಿನಂತೆ 4 ಗಂಟೆಗೆ ಒಬ್ಬ ರೋಗಿಗೆ 120 ಲೀಟರ್ ಶುದ್ಧ ನೀರು ಬೇಕು. ಆರ್‌ಒಗೆ ಹೋಗುವ ಮೊದಲು ಗಡಸು ನೀರನ್ನು ಮೆದು ಮಾಡುವ ಟ್ಯಾಂಕಿಗೆ ಆಗಾಗ ಉಪ್ಪು ಸುರಿಯಬೇಕು. ಹೋದ ವಾರ ಫೋನ್ ಮಾಡಿದ್ದಳು.

"ಮಾಮ, ಡಯಾಲಿಸಿಸ್ ಕಲೀತೀನಿ ಅಂತ ಬಂದ್ರೆ ಮೂರು ವಾರದಿಂದ ಉಪ್ಪಿನ ಮೂಟೆ ಹೊರಿಸ್ತಿದ್ದಾರೆ."

"ಗಡಸುತನ ಟೆಸ್ಟ್ ಮಾಡೋದು ಕಲಿಸಿದ್ರಾ?"

"ಹ್ಞೂಂ. ದಿನಾ ಬೆಳಿಗ್ಗೆ ನಾನೇ ಮಾಡಿ ರಿಜಿಸ್ಟರ್‌ನಲ್ಲಿ ಬರೆಯೋದು. ನಿನ್ನೆ ಜಾಸ್ತಿ ಬಂತು. ಸೀನಿಯರ್‌ಗೆ ಹೇಳಿದೆ. ಮೊದಲ ಶಿಫ್ಟ್ ನಿಲ್ಲಿಸಿ, ಸರಿ ಮಾಡಿದ ಮೇಲೆ ಶುರು ಮಾಡಿದ್ರು."

"ಹಾಗಾದ್ರೆ ಇನ್ನೂ ಮೂರು ವಾರ ಹೊರು" ಅಂದೆ.